ಸುಧಾರಿತ ಪಿಸ್ತೂಲಿಗೆ ಹೆಚ್ಚಿನ ಬೆಲೆ: ವರ್ತಕರು ಲೆಕ್ಕ ಹಾಕಬೇಕಾದ ಬಗೆ

ಚಿನ್ನಬೆಳ್ಳಿ ವ್ಯಾಪಾರ, ಸಗಟು ವಹಿವಾಟು, ವಾರದ ಬಟವಾಡೆಗೆ ನಗದು ಸಾಗಿಸಬೇಕಾದ ಸಣ್ಣ ಕಾರ್ಖಾನೆ: ಇಂತಹ ಉದ್ಯಮಗಳಲ್ಲಿ ತೊಡಗಿರುವ ಕೆಲವರು ಆತ್ಮರಕ್ಷಣೆಗಾಗಿ ಪರವಾನಗಿ ಪಡೆದು ಆಯುಧ ಇಟ್ಟುಕೊಳ್ಳುವುದುಂಟು. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ವರ್ತಕರೂ ಇದಕ್ಕೆ ಹೊರತಲ್ಲ. ಪರವಾನಗಿ ನವೀಕರಣದ ಸಮಯ ಬಂದಾಗ, ಅಥವಾ ಮಾರುಕಟ್ಟೆಗೆ ಹೊಸ ಮಾದರಿಯೊಂದು ಬಂದಾಗ, ಅವರ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಸಾಧಾರಣ ಮಾದರಿ ಸಾಕೇ, ಸುಧಾರಿತ ಮಾದರಿಗೆ ಹೆಚ್ಚು ಹಣ ತೆರಬೇಕೇ? ಹೊಸ ಲೇತ್ ಕೊಳ್ಳುವಾಗ ಹತ್ತು ಬಾರಿ ಲೆಕ್ಕ ಹಾಕುವ ಉದ್ಯಮಿ ಈ ಒಂದು ಖರೀದಿಯಲ್ಲಿ ಮಾತ್ರ ಭಯಕ್ಕೋ ಬಿಂಕಕ್ಕೋ ವಶನಾಗುತ್ತಾನೆ. ಆದ್ದರಿಂದ ಈ ವಿಷಯವನ್ನು ವೆಚ್ಚಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಶಬ್ದಗಳ ಗೊಂದಲ ಪರಿಹರಿಸಿಕೊಳ್ಳೋಣ. ಬಳಕೆಯ ಮಾತಿನಲ್ಲಿ ಎಲ್ಲವೂ ಪಿಸ್ತೂಲೇ. ವಾಸ್ತವದಲ್ಲಿ ತಿರುಗುವ ಉರುಳೆಯಲ್ಲಿ ಗುಂಡು ತುಂಬುವುದು ರಿವಾಲ್ವರ್, ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ತುಂಬುವುದು ಪಿಸ್ತೂಲು. ಎರಡೂ 0.32 ಬೋರಿನಲ್ಲಿ ದೊರೆಯುತ್ತವೆಯಾದರೂ ಒಂದರ ಕಾಡತೂಸು ಇನ್ನೊಂದಕ್ಕೆ ಆಗಿಬರುವುದಿಲ್ಲ. 'ಥರ್ಟಿಟೂ' ಎಂದಷ್ಟೇ ಹೇಳಿ ಕಾಡತೂಸು ಕೊಂಡವರು ಮತ್ತೆ ಅಂಗಡಿಗೆ ಅಲೆಯಬೇಕಾದೀತು.

ನಮ್ಮ ದೇಶದ ಖಾಸಗಿ ನಾಗರಿಕನ ಆಯ್ಕೆಯ ವ್ಯಾಪ್ತಿ ಬಹಳ ಕಿರಿದು. 9 ಮಿ.ಮೀ., 0.38, 0.45 ಮುಂತಾದ ಬೋರುಗಳು ನಿಷೇಧಿತ ವರ್ಗಕ್ಕೆ ಸೇರಿವೆ. ವಿದೇಶಿ ಕೈಬಂದೂಕುಗಳ ಆಮದು ಸಾಮಾನ್ಯ ನಾಗರಿಕನಿಗೆ 1980ರ ದಶಕದ ಮಧ್ಯಭಾಗದಿಂದ ಮುಚ್ಚಿಹೋಗಿದೆ. ಅದಕ್ಕೂ ಮುಂಚೆ ಬಂದ ಹಳೆಯ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುತ್ತ, ಗುಣಕ್ಕಿಂತ ವಿರಳತೆಯ ಕಾರಣದಿಂದಲೇ ವಿಪರೀತ ಬೆಲೆ ಪಡೆಯುತ್ತವೆ. ಉಳಿದಂತೆ ಬಹುಕಾಲ ನಮಗಿದ್ದ ಆಸರೆ ಸರ್ಕಾರಿ ಆಯುಧ ಕಾರ್ಖಾನೆಗಳದೇ. 2021ರ ಅಕ್ಟೋಬರ್ 1ರಂದು ಆಯುಧ ಕಾರ್ಖಾನೆ ಮಂಡಳಿಯನ್ನು ಏಳು ಸರ್ಕಾರಿ ಕಂಪನಿಗಳಾಗಿ ವಿಂಗಡಿಸಲಾಯಿತು. ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಅವುಗಳಲ್ಲೊಂದು. ಪೈಪೋಟಿ ಕಡಮೆಯಿರುವ ಮಾರುಕಟ್ಟೆಯಲ್ಲಿ 'ಸುಧಾರಿತ' ಎಂಬ ವಿಶೇಷಣಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಕೊಳ್ಳುವವನೇ ನಿರ್ಧರಿಸಬೇಕಾಗುತ್ತದೆ.

ಎರಡು ಉದಾಹರಣೆಗಳನ್ನು ನೋಡೋಣ. 2014ರಲ್ಲಿ ಕಾನ್ಪುರದಿಂದ 'ನಿರ್ಭೀಕ್' ಎಂಬ ರಿವಾಲ್ವರ್ ಹೊರಬಂದಿತು. ಮಹಿಳೆಯರ ಕೈಚೀಲಕ್ಕೆ ಹೊಂದುವಂತೆ ಟೈಟಾನಿಯಂ ಮಿಶ್ರಲೋಹದಿಂದ ಮಾಡಿದ್ದು. ತೂಕ ಸುಮಾರು 500 ಗ್ರಾಂ. ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಬೋರು ಅದೇ 0.32, ಗುಂಡುಗಳೂ ಅವೇ ಆರು. ಅಂದರೆ ಹೆಚ್ಚುವರಿ ಹಣಕ್ಕೆ ಮುಖ್ಯವಾಗಿ ದೊರೆತದ್ದು ತೂಕದ ಇಳಿಕೆ. ಆದರೆ ಆಯುಧ ಹಗುರವಾದಷ್ಟೂ ಹಾರಿಸಿದಾಗಿನ ಒದೆತ ಕೈಗೆ ಹೆಚ್ಚು ತಟ್ಟುತ್ತದೆ. ದಿನವಿಡೀ ಮೈಮೇಲೆ ಧರಿಸಿ ಓಡಾಡುವವರಿಗೆ ಹಗುರತನ ಉಪಯುಕ್ತ. ಗಲ್ಲಾಪೆಟ್ಟಿಗೆಯ ಪಕ್ಕದ ಬೀಗದೊಳಗೆ ಇಡುವವರಿಗೆ ಅದರಿಂದ ಬರುವ ಲಾಭ ಶೂನ್ಯ, ಒದೆತ ಮಾತ್ರ ಅವರ ಪಾಲಿಗೆ.

ಎರಡನೆಯದು 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 'ಪ್ರಬಲ್'. ಇದರ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಳೆಯ ಮಾದರಿಯಲ್ಲಿ ಗುಂಡು ತುಂಬಲು ಆಯುಧವನ್ನೇ ಮಧ್ಯಕ್ಕೆ ಮಡಚಬೇಕು. ಪ್ರಚಾರದಲ್ಲಿ ಎತ್ತಿ ಹೇಳಿದ್ದು ಮಾತ್ರ 50 ಮೀಟರ್ ವ್ಯಾಪ್ತಿಯನ್ನು. ಈಗ ಜಯನಗರ 4ನೇ ಬಡಾವಣೆಯ ಒಂದು ಮಳಿಗೆಯನ್ನು ಅಳೆದು ನೋಡಿ. ಗಲ್ಲಾದಿಂದ ಬಾಗಿಲಿಗೆ ಮೂರೋ ನಾಲ್ಕೋ ಮೀಟರ್. ಬಾಗಿಲ ಆಚೆಗೆ ಪಾದಚಾರಿ ಮಾರ್ಗ, ಹೂವು ಹಣ್ಣು ಮಾರುವವರು, ಬಸ್ಸಿಗೆ ಕಾದವರು. ಐವತ್ತು ಮೀಟರ್ ದೂರದಲ್ಲಿ ನಿಮ್ಮ ಶತ್ರುವಿರುವುದಿಲ್ಲ, ಯಾರದೋ ಮಗುವಿರುತ್ತದೆ. ಆದ್ದರಿಂದ ಅಂಗಡಿಯ ಬಳಕೆಗೆ ಸಂಬಂಧಿಸಿದಂತೆ ಈ ಗುಣವನ್ನು ಲಾಭದ ಕಡೆ ಬರೆದುಕೊಳ್ಳುವುದು ತಪ್ಪು. ನನ್ನ ಅಭಿಪ್ರಾಯದಲ್ಲಿ ಅದರ ಜಾಗ ಹೊಣೆಗಾರಿಕೆಯ ಕಡೆ.

ಹಾಗಾದರೆ ಯಾವ ಸುಧಾರಣೆಗೆ ಬೆಲೆ ತೆರಬಹುದು? ಮುಖ್ಯವಾಗಿ ಮೂರಕ್ಕೆ ಎನ್ನಬಹುದು. ಕೈತಪ್ಪಿ ಬಿದ್ದರೂ ಗುಂಡು ಹಾರದಂತೆ ತಡೆಯುವ ಸುರಕ್ಷಾ ವ್ಯವಸ್ಥೆ. ಬೇಕಾದಾಗ ತಪ್ಪದೆ ಕೆಲಸ ಮಾಡುವ ವಿಶ್ವಾಸಾರ್ಹತೆ. ಮತ್ತು ಕುದುರೆ, ಅಂದರೆ ಟ್ರಿಗರ್. ಈ ಮೂರನೆಯದನ್ನು ಯಾರೂ ವಿಚಾರಿಸುವುದಿಲ್ಲ. ಹಳೆಯ ರಿವಾಲ್ವರುಗಳ ಕುದುರೆ ಬಿಗಿ. ಅರವತ್ತು ದಾಟಿದವರು, ಮಣಿಕಟ್ಟಿನ ನೋವಿರುವವರು, ಅಂಗಡಿ ನಡೆಸುವ ಮಹಿಳೆಯರಲ್ಲಿ ಅನೇಕರು ಅದನ್ನು ಒಂದೇ ಬೆರಳಿನಿಂದ ನೇರವಾಗಿ ಎಳೆಯಲಾರರು; ಎಳೆದಾಗ ಕೈ ಅಲುಗಿ ಗುರಿ ತಪ್ಪುತ್ತದೆ. ಪರವಾನಗಿದಾರರು ಇಂಥವರಾಗಿದ್ದರೆ ಮೆದುವಾದ ಕುದುರೆಯ ಮಾದರಿಗೆ ಹೆಚ್ಚು ಕೊಡುವುದು ಸಮರ್ಥನೀಯ. ನಲವತ್ತರ ಗಟ್ಟಿ ಆಳಿಗೆ ಆ ಸಮರ್ಥನೆ ಇಲ್ಲ. ಆದಕಾರಣ ಆಯುಧ ಯಾರ ಕೈಗೆ ಎಂಬುದು ಮೊದಲು ತೀರ್ಮಾನವಾಗಬೇಕು. ಹೊಳಪು ಲೇಪನ, ಕೆತ್ತನೆಯ ಹಿಡಿ, ಮಖಮಲ್ಲಿನ ಪೆಟ್ಟಿಗೆ ಇವುಗಳನ್ನು ಚರ್ಚಿಸುವ ಅಗತ್ಯವಿಲ್ಲ.

ಈಗ ವೆಚ್ಚದ ಕಡೆಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್ ಹಾಗೂ ಪಿಸ್ತೂಲುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 40ಕ್ಕೆ ಏರಿದೆ. ಸಾಧಾರಣ ಮಾದರಿಯ ಮೂಲಬೆಲೆ 90,000 ರೂ., ಸುಧಾರಿತ ಮಾದರಿಯದು 1,20,000 ರೂ. ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ತೆರಿಗೆ ಸೇರಿದಾಗ ಮೊದಲನೆಯದು 1,26,000, ಎರಡನೆಯದು 1,68,000. ಮೇಲುನೋಟಕ್ಕೆ 30,000 ಆಗಿದ್ದ ಅಂತರ 42,000 ಆಯಿತು. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುವುದರಿಂದ ರಸೀದಿಯೂ ವ್ಯಕ್ತಿಯ ಹೆಸರಿಗೇ ಬರುತ್ತದೆ. ಇದನ್ನು ಸಂಸ್ಥೆಯ ಖರ್ಚಿಗೆ ಹಾಕಿ ಹೂಡುವಳಿ ತೆರಿಗೆ ಜಮೆ ಪಡೆಯಬಹುದೆಂದು ಎಣಿಸುವ ಮುನ್ನ ತಮ್ಮ ಲೆಕ್ಕ ಪರಿಶೋಧಕರನ್ನು ಕೇಳುವುದು ಕ್ಷೇಮ. ಜಮೆ ಇಲ್ಲವೆಂದೇ ಭಾವಿಸಿ ಲೆಕ್ಕ ಹಾಕಿದರೆ ಆಮೇಲೆ ನಿರಾಶೆಯಿಲ್ಲ.

ಈ 42,000 ರೂಪಾಯಿಯ ಅಂತರ ಹೊಸದಾಗಿ ಕೊಳ್ಳುವವನಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಗಮನಿಸಬೇಕು. ಈಗಾಗಲೇ ಚೆನ್ನಾಗಿ ಕೆಲಸ ಮಾಡುವ ಆಯುಧ ಹೊಂದಿರುವವನ ಹೆಚ್ಚುವರಿ ವೆಚ್ಚ ಪೂರ್ತಿ 1,68,000. ಅದರಲ್ಲಿ ಹಳೆಯದು ಮಾರಿದಾಗ ಬರುವ ಹಣವನ್ನಷ್ಟೇ ಕಳೆಯಬೇಕು. ಹಳೆಯದಕ್ಕೆ ಅಂದು ಕೊಟ್ಟ ಬೆಲೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಮಾರಾಟವೂ ಸುಲಭವಲ್ಲ. ಕೊಳ್ಳುವವನಿಗೆ ತಕ್ಕ ಪರವಾನಗಿ ಇರಬೇಕು. ಶಸ್ತ್ರಾಸ್ತ್ರ ಅಧಿನಿಯಮ, 1959ರ 5ನೇ ಕಲಂನ ಪ್ರಕಾರ ಮಾರುವ ಉದ್ದೇಶವನ್ನು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆಯಬೇಕು. ಕೊಳ್ಳುವವರು ಕಡಮೆ, ಮಾರುವವನಿಗೆ ಅವಸರ. ಬೆಲೆ ಯಾವ ಕಡೆಗೆ ವಾಲುತ್ತದೆಂದು ವರ್ತಕರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯದನ್ನೂ ಉಳಿಸಿಕೊಳ್ಳೋಣವೆಂದರೆ, 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರನ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು ಎಂಬುದು ಸಮಾಧಾನದ ಸಂಗತಿ.

ಇನ್ನು ತುಲನೆ. ಎರಡು ಮಾದರಿಗಳಿಗೂ ಸಮಾನವಾದ ಖರ್ಚುಗಳು, ಅಂದರೆ ಪರವಾನಗಿ ಶುಲ್ಕ, ತರಬೇತಿ, ಬೀಗದ ಪೆಟ್ಟಿಗೆ, ಅಭ್ಯಾಸದ ಕಾಡತೂಸು, ನಿರ್ಧಾರದ ಲೆಕ್ಕದಿಂದ ಹೊರಗುಳಿಯುತ್ತವೆ. ಆದರೂ ಕಾಡತೂಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದಕ್ಕೆ 120 ರೂ. ಎಂದು ಭಾವಿಸಿದರೆ 42,000 ರೂಪಾಯಿಗೆ 350 ಕಾಡತೂಸು ಬರುತ್ತವೆ. ವರ್ಷಕ್ಕೆ 50ರಂತೆ ಏಳು ವರ್ಷಗಳ ಅಭ್ಯಾಸ. ಒಂದೇ ಬಾರಿಗೆ ಕೊಳ್ಳುವಂತಿಲ್ಲ. ಪರವಾನಗಿಯಲ್ಲಿ ನಮೂದಿಸಿದ ಮಿತಿಯೊಳಗೆ ಕೊಳ್ಳಬೇಕು, ಅಧಿಕೃತ ಗುರಿ ಅಭ್ಯಾಸ ಕೇಂದ್ರದಲ್ಲೇ ಬಳಸಬೇಕು, ಊರ ಹೊಲದಲ್ಲಲ್ಲ. ವರ್ಷಗಟ್ಟಲೆ ಒಂದೂ ಗುಂಡು ಹಾರಿಸದವನ ಕೈಯ ದುಬಾರಿ ಆಯುಧಕ್ಕಿಂತ, ವರ್ಷಕ್ಕೆ ಮೂರು ನಾಲ್ಕು ಬಾರಿ ಅಭ್ಯಾಸ ಮಾಡುವವನ ಕೈಯ ಸಾಧಾರಣ ಆಯುಧ ಎಲ್ಲ ವಿಧದಲ್ಲೂ ಮೇಲು. ಶಸ್ತ್ರಾಸ್ತ್ರ ನಿಯಮಗಳು, 2016 ಸುರಕ್ಷಾ ತರಬೇತಿಯನ್ನು ವಿಧಿಸಿರುವುದು ಸಕಾರಣವಾಗಿಯೇ ಇದೆ.

ಅದೇ ಹಣ ಬೇರೆಡೆ ಏನನ್ನು ಸಾಧಿಸಬಲ್ಲದು ಎಂಬ ಪ್ರಶ್ನೆಯನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಇದಕ್ಕೆ ನಮ್ಮ ಭಾಗದಲ್ಲೇ ನಡೆದ ಪ್ರಕರಣವೊಂದನ್ನು ಗಮನಿಸಬೇಕು. 2025ರ ನವೆಂಬರ್ 19ರಂದು ಜೆ.ಪಿ. ನಗರದ ಬ್ಯಾಂಕ್ ಶಾಖೆಯೊಂದರಿಂದ ಎ.ಟಿ.ಎಂ.ಗಳಿಗೆ ನಗದು ಹೊತ್ತು ಹೊರಟ ವಾಹನವನ್ನು ಹಾಡಹಗಲಲ್ಲಿ ಜಯನಗರದ ಅಶೋಕ ಸ್ತಂಭದ ಬಳಿ ಅಡ್ಡಗಟ್ಟಲಾಯಿತು. ಅಡ್ಡಗಟ್ಟಿದವರು ತಾವು ರಿಸರ್ವ್ ಬ್ಯಾಂಕಿನ ಅಧಿಕಾರಿಗಳೆಂದೂ ತಪಾಸಣೆ ನಡೆಸಬೇಕೆಂದೂ ಹೇಳಿದರು. ಡೇರಿ ವೃತ್ತದ ಮೇಲ್ಸೇತುವೆಯಲ್ಲಿ 7.11 ಕೋಟಿ ರೂಪಾಯಿ ಅವರ ಕಾರಿಗೆ ಸೇರಿತು. ಹಣದ ಬಹುಭಾಗ ಕೆಲವೇ ದಿನಗಳಲ್ಲಿ ಪೊಲೀಸರಿಗೆ ದೊರೆಯಿತು. ಬಂಧಿತರಲ್ಲಿ ನಗದು ಸಾಗಣೆ ಸಂಸ್ಥೆಯ ಮಾಜಿ ನೌಕರನೊಬ್ಬನೂ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬನೂ ಇದ್ದರು. ನಮಗಿಲ್ಲಿ ಮುಖ್ಯವಾದ ಅಂಶವೆಂದರೆ ಆ ವಾಹನದಲ್ಲಿ ಬಂದೂಕುಧಾರಿ ಕಾವಲುಗಾರರಿದ್ದರು. ಅವರ ಆಯುಧ ಎಷ್ಟೇ ಸುಧಾರಿತವಾಗಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಅಂದು ಇಲ್ಲದೇ ಹೋದದ್ದು ಗುರುತಿನ ಖಾತ್ರಿ, ಶಾಖೆಗೆ ಒಂದು ದೂರವಾಣಿ ಕರೆ.

ನಮ್ಮ ಸದಸ್ಯರ ಅಂಗಡಿಗಳಿಗೂ ಇದು ಹೊರತಲ್ಲ. ಒಳಗಿನವರ ಮಾಹಿತಿ ಮತ್ತು ನಂಬಿಸಿ ಮಾಡುವ ಮೋಸ, ಈ ಎರಡರ ಎದುರು ಪಿಸ್ತೂಲು ನಿಷ್ಪ್ರಯೋಜಕ. ನಲವತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿ ಅಂಗಡಿಗೆ ಅಪಾಯ ಸೂಚಕ ಗುಂಡಿ, ದಾಖಲೆ ಬೇರೆ ಕಡೆ ಉಳಿಯುವ ಕ್ಯಾಮೆರಾ, ಒಂದರ ಹಿಂದೆ ಒಂದರಂತೆ ತೆರೆಯುವ ಜೋಡಿ ಬಾಗಿಲು ಇವುಗಳಲ್ಲಿ ಒಂದೆರಡನ್ನಾದರೂ ಮಾಡಿಸಬಹುದು. ಚಿನ್ನದ ವ್ಯಾಪಾರಿಗಳಿಗೆ ಜ್ಯುವೆಲರ್ಸ್ ಬ್ಲಾಕ್ ವಿಮೆ, ಇತರರಿಗೆ ನಗದು ಸಾಗಣೆ ವಿಮೆ ಇದೆ. ರಾತ್ರಿ ಸರಕು ತಿಜೋರಿಯಲ್ಲಿರಬೇಕೆಂಬಂಥ ಷರತ್ತುಗಳನ್ನೂ, ನೌಕರರ ದ್ರೋಹದಿಂದಾದ ನಷ್ಟ ಒಳಪಡುತ್ತದೆಯೇ ಎಂಬುದನ್ನೂ ವಿಮಾಪತ್ರದಲ್ಲಿ ಓದಿಯೇ ಸಹಿ ಮಾಡತಕ್ಕದ್ದು. ಆಯುಧ ಹೆಚ್ಚೆಂದರೆ ನಷ್ಟವನ್ನು ತಡೆದೀತು. ತುಂಬಿಕೊಡುವುದು ವಿಮೆ.

ಕಾನೂನಿನ ಅಪಾಯವೂ ವೆಚ್ಚವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ನೀಡಿವೆ. ದರೋಡೆಯನ್ನೆದುರಿಸುವಾಗ ಪ್ರಾಣಹಾನಿಯವರೆಗೂ ಆ ಹಕ್ಕು ವ್ಯಾಪಿಸಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ರಕ್ಷಣೆಯಿಲ್ಲ. ಹಣದ ಚೀಲ ಕಸಿದು ಬೆನ್ನು ತಿರುಗಿಸಿ ಓಡುವವನ ಮೇಲೆ ಹಾರಿಸಿದ ಗುಂಡಿಗೆ ಸಮಜಾಯಿಷಿ ಕೊಡುವುದು ಕಷ್ಟ. ಐವತ್ತು ಮೀಟರಿನ ಆಸೆ ಇಲ್ಲಿಯೂ ಅಡ್ಡ ಬರುತ್ತದೆ. ನಿರ್ಲಕ್ಷ್ಯದಿಂದ ಅಥವಾ ಮದುವೆ ಮುಂತಾದ ಸಮಾರಂಭದಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಇವೆ. ಮಾಲೀಕರ ಆಯುಧವನ್ನು ನೌಕರನ ಸೊಂಟಕ್ಕೆ ಸಿಕ್ಕಿಸಿ ಬ್ಯಾಂಕಿಗೆ ಕಳುಹಿಸುವ ಪರಿಪಾಠವಿದ್ದರೆ ಇಂದೇ ನಿಲ್ಲಿಸಬೇಕು. ಪರವಾನಗಿಯಲ್ಲಿ ಆತನ ಹೆಸರು ಅಧಿಕೃತವಾಗಿ ಸೇರದೆ ಅದು ಅಪರಾಧ.

ಇಷ್ಟನ್ನೂ ಗಮನಿಸಿದ ಮೇಲೆ ನನ್ನ ಸಲಹೆ ಹೀಗಿದೆ. ಕೆಲಸ ಮಾಡುವ ಹಳೆಯ ಆಯುಧವಿರುವವರು ಬದಲಾಯಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಅಧಿಕೃತ ದುರಸ್ತಿಗಾರರಲ್ಲಿ ಪರೀಕ್ಷೆ ಮಾಡಿಸಿ, ಹಳೆಯ ಕಾಡತೂಸು ಖಾಲಿ ಮಾಡಿ ಹೊಸದು ಕೊಂಡರೆ ಸಾಕು. ಹೊಸದಾಗಿ ಕೊಳ್ಳುವವರು ಎರಡೂ ಮಾದರಿಗಳನ್ನು, ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ವರ್ತಕರ ಮಳಿಗೆಯಲ್ಲೇ ಕೈಯಲ್ಲಿ ಹಿಡಿದು ಅವರ ಅನುಮತಿಯಿಂದ ಕುದುರೆ ಎಳೆದು ನೋಡಬೇಕು. ಸಾಧಾರಣ ಮಾದರಿಯ ಕುದುರೆ ಸಲೀಸಾಗಿ ಎಳೆಯಲು ಬಂದರೆ ಅದನ್ನೇ ಕೊಳ್ಳಬೇಕು. ಬಾರದಿದ್ದರೆ ಮಾತ್ರ 42,000ಕ್ಕೆ ಅರ್ಥವುಂಟು. ಬಿಡಿಭಾಗ ಮತ್ತು ದುರಸ್ತಿ ಬೆಂಗಳೂರಿನಲ್ಲೇ ದೊರೆಯುವುದೇ, ಕಾನ್ಪುರಕ್ಕೆ ಕಳುಹಿಸಬೇಕೇ ಎಂಬುದನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಆಯುಧಗಳನ್ನು ಠೇವಣಿ ಇಡುವಂತೆ ಆದೇಶ ಬರುವುದು ವಾಡಿಕೆ. ವಿನಾಯಿತಿ ಬೇಕಾದವರು ಕಾರಣ ಸಹಿತ ಅರ್ಜಿ ಸಲ್ಲಿಸಬೇಕಾಗುತ್ತದೆ. ಆ ವಾರಗಳಲ್ಲಿ ಖರೀದಿ, ಮಾರಾಟ, ನಮೂದು ಎಲ್ಲವೂ ನಿಧಾನವಾಗುವ ಸಂಭವವಿದೆ. ಆದ್ದರಿಂದ ಬದಲಾಯಿಸಲೇಬೇಕೆಂದಿರುವವರು ಹೊಸದಕ್ಕೆ ಮುಂಗಡ ಕೊಡುವ ಮೊದಲೇ ಹಳೆಯದರ ಮಾರಾಟದ ತಿಳಿವಳಿಕೆ ಪತ್ರವನ್ನು ನಗರ ಪೊಲೀಸ್ ಆಯುಕ್ತರ ಕಚೇರಿಗೂ ಹತ್ತಿರದ ಠಾಣೆಗೂ ಸಲ್ಲಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆದು, 45 ದಿನಗಳನ್ನು ಅಂದಿನಿಂದ ಎಣಿಸತಕ್ಕದ್ದು.