ಅರ್ಧ ಬಾತ್ಸೆನ್ ಮತ್ತು ಆಫ್ರಿಕದ ಮಕ್ಕಳು

ಪಾಠಭಾಗ: ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ 8:1–15

ಮೇಲೆ ಸೂಚಿಸಿದ ಭಾಗವನ್ನು ಮೊದಲು ಒಬ್ಬರು ನಿಧಾನವಾಗಿ, ಎಲ್ಲರಿಗೂ ಕೇಳಿಸುವಂತೆ ಓದಲಿ. ಅದರಲ್ಲಿ ಅಪೊಸ್ತಲನಾದ ಪೌಲನು ಅನುಕೂಲಸ್ಥರಾದ ಕೊರಿಂಥದವರ ಮುಂದೆ ಬಡವರಾದ ಮಕೆದೋನ್ಯದವರನ್ನು ಮಾದರಿಯಾಗಿ ನಿಲ್ಲಿಸುತ್ತಾನೆ. ಯೆರೂಸಲೇಮಿನ ಸಹೋದರರಿಗೋಸ್ಕರ ಕಾಣಿಕೆ ಕೂಡಿಸುವ ಕೆಲಸದಲ್ಲಿ ತಮ್ಮನ್ನೂ ಸೇರಿಸಿಕೊಳ್ಳಬೇಕೆಂದು ಆ ಬಡವರೇ ಬೇಡಿಕೊಂಡರು. ನಾಲ್ಕನೆಯ ವಚನದಲ್ಲಿ ಪೌಲನು ಬಳಸಿದ ಗ್ರೀಕ್ ಮಾತು ಕೊಯಿನೋನಿಯ ಎಂಬದು. ಅದಕ್ಕೆ ಪಾಲುಗಾರಿಕೆ ಎಂದು ಅರ್ಥ. ಕರ್ತನ ಭೋಜನದ ರೊಟ್ಟಿ ಮತ್ತು ಪಾತ್ರೆಗಳ ವಿಷಯವಾಗಿ ಬರೆಯುವಾಗಲೂ ಅವನು ಅದೇ ಮಾತನ್ನು ಉಪಯೋಗಿಸಿದ್ದಾನೆ. ಮೇಲೆ ನಿಂತವನು ಕೆಳಗೆ ಕೂತವನ ಕೈಗೆ ಹಾಕುವದು ಭಿಕ್ಷೆ. ಒಂದೇ ಚಾಪೆಯ ಮೇಲೆ ಕೂತು ಹಂಚಿಕೊಳ್ಳುವದು ಪಾಲುಗಾರಿಕೆ. ಈ ಭೇದವು ವ್ಯಾಖ್ಯಾನದಿಂದ ತಿಳಿಯುವದಕ್ಕಿಂತ ಒಂದು ನಿಜವಾದ ವೃತ್ತಾಂತದಿಂದ ಹೆಚ್ಚು ಚೆನ್ನಾಗಿ ತಿಳಿಯುವದು. ಆದದರಿಂದ ಈ ತಿಂಗಳ ಪಾಠಕ್ಕೆ ಆಫ್ರಿಕ ಖಂಡದ ಮಕ್ಕಳ ಶಾಲೆಗಳ ಕಥೆಯನ್ನು ಆರಿಸಿಕೊಂಡಿದ್ದೇವೆ.

ಆ ಖಂಡದ ಪಶ್ಚಿಮ ಕರಾವಳಿಯಲ್ಲಿ ಈಗ ಘಾನಾ ಎಂದು ಕರೆಯಲ್ಪಡುವ ದೇಶವಿದೆ. 1957ರ ತನಕ ಅದಕ್ಕೆ ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ಕರಾವಳಿ, ಎಂಬ ಹೆಸರಿತ್ತು. ಹೆಸರು ಚಿನ್ನದ್ದಾದರೂ ಬಹುಕಾಲ ಅಲ್ಲಿಯ ಕೋಟೆಗಳಿಂದ ಹಡಗಿಗೆ ಏರಿಸಲ್ಪಟ್ಟದ್ದು ಮನುಷ್ಯರು, ಅವರೊಳಗೆ ಮಕ್ಕಳು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ ಎಂಬದು ನಮ್ಮ ಸಭೆಗಳಲ್ಲಿ ಅನೇಕರು ಬಲ್ಲ ಸಂಗತಿ. ಅದಕ್ಕೆ ಆರು ವರುಷಗಳ ಮುಂಚೆ, 1828ರ ಡಿಸೆಂಬರಿನಲ್ಲಿ, ಅದೇ ಮಿಶನಿನ ನಾಲ್ವರು ಯೌವನಸ್ಥರು ಗೋಲ್ಡ್ ಕೋಸ್ಟಿನ ಕ್ರಿಸ್ತಿಯಾನ್ಸ್‌ಬೋರ್ಗ್ ಎಂಬ ಡೇನರ ಕೋಟೆಯ ಬಳಿಯಲ್ಲಿ ಇಳಿದಿದ್ದರು. ಒಂದು ವರುಷ ತುಂಬುವದರೊಳಗೆ ಮೂವರು ಸತ್ತರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು. ಮರುವರುಷ ಬಂದ ಬೇರೆ ಮೂವರಲ್ಲಿ ಆಂದ್ರೆಯಾಸ್ ರೀಸ್ ಎಂಬವರು ಮಾತ್ರ ಉಳಿದು, 1835ರಲ್ಲಿ ಗುಡ್ಡದ ಮೇಲಿನ ಅಕ್ರೊಪೊಂಗ್ ಎಂಬ ಊರಿಗೆ ಹೋಗಿ ಮನೆ ಕಟ್ಟಿದರು. ಐದು ವರುಷ ದುಡಿದರೂ ಒಬ್ಬನಾದರೂ ದೀಕ್ಷಾಸ್ನಾನ ಹೊಂದಲಿಲ್ಲ. ಬಿಳಿಯರ ಪುಸ್ತಕವನ್ನು ಓದಿ ಅದರಂತೆ ನಡೆಯುವ ಕರಿಯರನ್ನು ತೋರಿಸಿದರೆ ನಾವೂ ಬರುತ್ತೇವೆ ಎಂಬ ಅಭಿಪ್ರಾಯವನ್ನು ಅಲ್ಲಿಯ ಅರಸನು ತಿಳಿಸಿದನೆಂದು ಅಲ್ಲಿಯ ಸಭೆಯವರು ಈಗಲೂ ಹೇಳಿಕೊಳ್ಳುತ್ತಾರೆ.

ಅಂಥವರು ಎಲ್ಲಿದ್ದರು? ಸಮುದ್ರದ ಆಚೆ, ಜಮೈಕ ದ್ವೀಪದಲ್ಲಿ ಇದ್ದರು. ಅಲ್ಲಿಯ ದಾಸರು 1838ರಲ್ಲಿ ಪೂರ್ಣವಾಗಿ ಬಿಡುಗಡೆ ಹೊಂದಿದ್ದರು. ಅವರಲ್ಲಿ ಅನೇಕರು ಮೊರೇವಿಯ ಸಭೆಗೆ ಸೇರಿದ ಕ್ರೈಸ್ತರು. ರೀಸರು ಅಲ್ಲಿಗೆ ಹೋಗಿ ಇಪ್ಪತ್ತನಾಲ್ಕು ಮಂದಿಯನ್ನು ಕರಕೊಂಡು 1843ರ ಎಪ್ರಿಲಿನಲ್ಲಿ ಗೋಲ್ಡ್ ಕೋಸ್ಟಿಗೆ ಮರಳಿದರು. ಆ ಕುಟುಂಬಗಳು ಸಂಗಡ ತಂದ ಸಸಿಗಳಲ್ಲಿ ಮಾವೂ ಇತ್ತು. ನಮ್ಮ ದೇಶದ ಮಾವು ಜಮೈಕವನ್ನು ಸುತ್ತಿ ಆಫ್ರಿಕದ ಗುಡ್ಡದ ಮೇಲೆ ಬೇರು ಬಿಟ್ಟಿತೆಂದು ಕೇಳಿದರೆ ಮಕ್ಕಳು ಸಂತೋಷಪಡುವರು. ಉಪದೇಶಿಗಳು ಇದನ್ನು ಅವರಿಗೆ ಹೇಳಲಿ.

ಆ ಹಡಗಿನಲ್ಲಿ ಬಂದವರೊಳಗೆ ಕತರೀನ ಮಲ್ಗ್ರೇವ್ ಎಂಬ ತರುಣಿಯಿದ್ದಳು. ಈ ಪಾಠದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇವಳ ಹತ್ತಿರ. ಇವಳು ಹುಟ್ಟಿದ್ದು ಆಫ್ರಿಕದ ಅಂಗೋಲ ದೇಶದಲ್ಲಿ, ಸುಮಾರು 1827ರಲ್ಲಿ. ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ದಾಸರ ವ್ಯಾಪಾರಿಗಳು ಅವಳನ್ನು ಕದ್ದು ಹಡಗಿಗೆ ಹಾಕಿದರು. ಆ ಹಡಗು 1833ರಲ್ಲಿ ಜಮೈಕದ ತೀರದಲ್ಲಿ ಒಡೆದುಹೋಯಿತು. ಬದುಕಿ ಉಳಿದ ಈ ಹುಡುಗಿಯನ್ನು ದ್ವೀಪದ ಗವರ್ನರರಾಗಿದ್ದ ಮಲ್ಗ್ರೇವ್ ಪ್ರಭುಗಳು ಬಿಡಿಸಿ ತಮ್ಮ ಮನೆಯಲ್ಲಿ ಇರಿಸಿಕೊಂಡರು. ಹೆಸರೂ ಅವರದ್ದೇ ಬಂತು. ಮುಂದಿನ ವರುಷ ಅವರು ಇಂಗ್ಲೆಂಡಿಗೆ ಹೊರಟುಹೋದಾಗ ಮಗುವು ಮೊರೇವಿಯದವರ ಶಾಲೆಗೆ ಸೇರಿಸಲ್ಪಟ್ಟಿತು. ಅಲ್ಲಿ ಓದಿ, ಬಳಿಕ ಕಿಂಗ್‌ಸ್ಟನ್ ಪಟ್ಟಣದಲ್ಲಿ ಉಪಾಧ್ಯಾಯಿನಿಯ ಕೆಲಸಕ್ಕೆ ಅಭ್ಯಾಸ ಹೊಂದಿದಳು. ಹೀಗೆ ಕದ್ದು ಒಯ್ಯಲ್ಪಟ್ಟ ಮಗುವು ಹತ್ತು ವರುಷಗಳ ಮೇಲೆ ಉಪಾಧ್ಯಾಯಿನಿಯಾಗಿ, ತನ್ನ ಮನಸ್ಸಿನಿಂದಲೇ, ಅದೇ ಖಂಡಕ್ಕೆ ಹಿಂದಿರುಗಿ ಬಂತು. ತಾಯಿಯ ಮನೆಯಂತೂ ಅವಳಿಗೆ ಸಿಕ್ಕಲಿಲ್ಲ. ಅಂಗೋಲವು ಗೋಲ್ಡ್ ಕೋಸ್ಟಿಗೆ ಬಹು ದೂರ.

ಕ್ರಿಸ್ತಿಯಾನ್ಸ್‌ಬೋರ್ಗಿನಲ್ಲಿ ಕತರೀನಮ್ಮನವರು 1843ರಲ್ಲಿಯೇ ಹೆಣ್ಣುಮಕ್ಕಳನ್ನು ಕೂಡಿಸಿ ಓದು, ಬರಹ, ಹೊಲಿಗೆಗಳನ್ನು ಕಲಿಸತೊಡಗಿದರು. ಅವರ ಮೊದಲನೆಯ ಮದುವೆಯು ದುಃಖದಲ್ಲಿ ಮುಗಿದು 1849ರಲ್ಲಿ ಅವರಿಗೆ ಬಿಡುಗಡೆಯಾಯಿತು. ಇಬ್ಬರು ಮಕ್ಕಳ ತಾಯಿಯಾಗಿದ್ದ ಅವರನ್ನು 1851ರಲ್ಲಿ ಯೋಹಾನ್ ಜಿಮ್ಮರ್ಮನ್ ಎಂಬ ಮಿಶನರಿಯು ಬಾಸೆಲಿನ ಕಮಿಟಿಯವರ ಅಪ್ಪಣೆಗೆ ಕಾಯದೆ ಮದುವೆಯಾದರು. ಬಿಳಿಯನು ಆಫ್ರಿಕದವಳನ್ನು ಮದುವೆಯಾದದ್ದು ಕಮಿಟಿಯವರಿಗೆ ಹಿಡಿಸಲಿಲ್ಲ. ಒಂದೇ ಮೇಜಿನಲ್ಲಿ ರೊಟ್ಟಿ ಮುರಿಯುವವರಿಗೂ ಪಾಲುಗಾರಿಕೆಯ ಪಾಠವು ಒಂದೇ ದಿನದಲ್ಲಿ ಬಾಯಿಪಾಠವಾಗುವದಿಲ್ಲ ಎಂದು ಇಲ್ಲಿ ಕಾಣುತ್ತೇವೆ. ನಮ್ಮಲ್ಲಿಯೂ ಮದುವೆಯ ಮಾತು ಬಂದಾಗ ಹಳೆಯ ಜಾತಿಯು ಬಾಗಲು ತಟ್ಟುವದಿಲ್ಲವೇ? 1854ರಲ್ಲಿ ತಲೆತೆರಿಗೆಯ ಜಗಳದ ನಿಮಿತ್ತ ಇಂಗ್ಲಿಷರ ಯುದ್ಧದ ಹಡಗು ಆ ಊರಿಗೆ ಗುಂಡು ಹಾರಿಸಲು, ಕ್ರೈಸ್ತರು ಒಳನಾಡಿನ ಅಬೊಕೋಬಿಗೆ ಹೋದರು. ಶಾಲೆಯೂ ಅವರ ಹಿಂದೆ ಹೋಯಿತು. ಜಿಮ್ಮರ್ಮನರು ಸತ್ಯವೇದವನ್ನು ಗಾ ಭಾಷೆಗೆ ತಿರುಗಿಸಿ 1866ರಲ್ಲಿ ಮುಗಿಸಿದರು. ಕತರೀನಮ್ಮನವರು 1891ರಲ್ಲಿ ಕ್ರಿಸ್ತಿಯಾನ್ಸ್‌ಬೋರ್ಗಿನಲ್ಲಿ ತೀರಿಕೊಳ್ಳುವ ತನಕ ಸುಮಾರು ಐವತ್ತು ವರುಷ ಆ ಮಕ್ಕಳ ನಡುವೆ ಬದುಕಿದರು.

ಇಂಥ ಶಾಲೆಗಳಿಗೆ ಹಣ ಎಲ್ಲಿಂದ ಬಂತು? ದೊಡ್ಡ ದೊಡ್ಡ ಧನಿಕರು ಕೊಟ್ಟರೆಂದು ಊಹಿಸುವದು ಸುಲಭ; ಅಂಥವರೂ ಇದ್ದರು. ಬಾಸೆಲಿನಲ್ಲಿ ರೇಷ್ಮೆಯ ಪಟ್ಟಿಗಳನ್ನು ನೇಯಿಸುತ್ತಿದ್ದ ಕಾರ್ಲ್ ಸಾರಾಸಿನ್ ಎಂಬವರು ಅಂಥ ಒಬ್ಬ ಧನಿಕರು. ಆದರೆ ಅವರ ದೊಡ್ಡ ಸೇವೆಯು ಅವರ ಸ್ವಂತ ಹಣವಲ್ಲ. 1850ರ ದಶಕದ ಮಧ್ಯದಲ್ಲಿ, ಮಿಶನು ಹಣದ ಬಿಕ್ಕಟ್ಟಿನಲ್ಲಿದ್ದಾಗ, ಅವರು ಒಂದು ಸಣ್ಣ ಏರ್ಪಾಡನ್ನು ಆರಂಭಿಸಿದರು. ಒಬ್ಬೊಬ್ಬನು ವಾರಕ್ಕೆ ಅರ್ಧ ಬಾತ್ಸೆನ್ ಕೊಡಬೇಕು, ಅಷ್ಟೇ. ಬಾತ್ಸೆನ್ ಎಂಬದು ಸ್ವಿಸ್ ದೇಶದ ಹಳೆಯ ಚಿಲ್ಲರೆ ನಾಣ್ಯ. ಅದರ ಅರ್ಧವೆಂದರೆ ಆಗಿನ ಹೊಸ ಲೆಕ್ಕದಲ್ಲಿ ಐದು ಸಾಂತೀಮ್, ಒಂದು ಫ್ರಾಂಕಿನ ಇಪ್ಪತ್ತನೆಯ ಪಾಲು. ಹತ್ತು ಮಂದಿ ಕೊಡುವವರಿಗೆ ಕೂಡಿಸುವವರೊಬ್ಬರು. ಅವರು ಮನೆಮನೆಗೆ ಹೋಗಿ ತಕ್ಕೊಳ್ಳುವರು, ಮಿಶನಿನ ಸಮಾಚಾರವುಳ್ಳ ಸಣ್ಣ ಹಾಳೆಯನ್ನು ಕೊಟ್ಟು ಬರುವರು. ಮನೆಗೆಲಸದವಳೂ ಕೂಲಿಯವನೂ ಇದರಲ್ಲಿ ಸೇರಬಹುದಾಗಿತ್ತು.

ಲೆಕ್ಕ ಮಾಡಿ ನೋಡೋಣ. ವರುಷಕ್ಕೆ 52 ವಾರ. ಒಬ್ಬನದು 2 ಫ್ರಾಂಕ್ 60 ಸಾಂತೀಮ್. ಹತ್ತು ಮಂದಿಯದು ಕೂಡಿ 26 ಫ್ರಾಂಕ್. ಇಷ್ಟರಿಂದ ಏನಾದೀತು ಎಂದು ನಕ್ಕವರೂ ಇದ್ದಿರಬೇಕು. ಆದರೆ ಈ ಏರ್ಪಾಡು ಸ್ವಿಸ್ ದೇಶವನ್ನು ದಾಟಿ ದಕ್ಷಿಣ ಜರ್ಮನಿಯ ಹಳ್ಳಿಗಳಿಗೂ ಹಬ್ಬಿ, ಮಿಶನಿನ ಆದಾಯದಲ್ಲಿ ಬಹು ದೊಡ್ಡ ಪಾಲಾಯಿತು. ಹಿಡಿಯಕ್ಕಿಯನ್ನು ಮಡಕೆಯಲ್ಲಿ ತೆಗೆದಿಡುವ ನಮ್ಮ ತಾಯಂದಿರಿಗೆ ಇದರ ಗುಟ್ಟನ್ನು ವಿವರಿಸಬೇಕಾಗಿಲ್ಲ. ವರುಷಕ್ಕೊಮ್ಮೆ ಬಂದ ಉತ್ಸಾಹವು ವರುಷಕ್ಕೊಮ್ಮೆಯೇ ಹೋಗುತ್ತದೆ. ವಾರವಾರವೂ ಬಾಗಲಿಗೆ ಬಂದು ನಿಲ್ಲುವ ನೆರೆಯವಳನ್ನು ಮರೆಯಲಾಗುವದಿಲ್ಲ.

ಈಗ ಗಮನಿಸಬೇಕಾದ ಸಂಗತಿಯೊಂದುಂಟು. ಆ ಚಿಲ್ಲರೆಯು ಸೇರಿದ್ದು ಮಿಶನಿನ ಭಂಡಾರಕ್ಕೆ; ಅದೇ ಮಿಶನು ಗೋಲ್ಡ್ ಕೋಸ್ಟಿನ ಶಾಲೆಗಳನ್ನೂ ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಶಾಲೆಗಳನ್ನೂ ನಡಿಸಿತು. ಯಾವ ನಾಣ್ಯವು ಅಬೊಕೋಬಿಯ ಹುಡುಗಿಯ ಪಾಟಿಯಾಯಿತು, ಯಾವದು ನಮ್ಮ ಅಜ್ಜನ ಪುಸ್ತಕವಾಯಿತು ಎಂದು ಬೇರ್ಪಡಿಸಿ ಹೇಳುವವರಾರು? ಹಾಗಾದರೆ ಆಫ್ರಿಕದ ಆ ಮಕ್ಕಳು ನಮಗೆ ದೂರದವರಲ್ಲ, ಒಂದೇ ಮಡಕೆಯ ಗಂಜಿ ಕುಡಿದವರು. ಆ ಕಾಲದ ಮಿಶನ್ ಬರಹಗಳಲ್ಲಿ ಅವರನ್ನೂ ನಮ್ಮವರನ್ನೂ ಬರೇ ಕನಿಕರಕ್ಕೆ ಪಾತ್ರರಾದವರಂತೆ ಬರೆದದ್ದು ಸಾಕಷ್ಟಿದೆ. ಅದನ್ನು ಓದಿದಾಗ ಮನಸ್ಸು ನೋಯುತ್ತದೆ, ನೋಯುವದು ನ್ಯಾಯವೇ. ಯಾಕಂದರೆ ಲೆಕ್ಕದ ಪುಸ್ತಕದಲ್ಲಿ ನಾಣ್ಯವನ್ನು ಮಾತ್ರ ಬರೆದರು. ಜಮೈಕದ ಕುಟುಂಬಗಳು ಬಿಟ್ಟುಬಂದ ಮನೆಗಳನ್ನೂ, ಕತರೀನಮ್ಮನವರ ಐವತ್ತು ವರುಷಗಳನ್ನೂ ಯಾವ ಅಂಕಣದಲ್ಲಿ ಬರೆಯುವದು?

ಅಲ್ಲಿಯ ಸಭೆಯವರಿಗೂ ಕೊಡಬೇಕಾದ ಕಠಿಣವಾದ ಪಾಲೊಂದಿತ್ತು. ಸ್ನಾನ ಹೊಂದಿದವರಲ್ಲಿ ಕೆಲವರು ದಾಸರನ್ನು ಇಟ್ಟುಕೊಂಡಿದ್ದರು. 1860ರ ದಶಕದಲ್ಲಿ ಮಿಶನಿನವರು ಸಭೆಯವರು ದಾಸರನ್ನು ಬಿಡಿಸಲೇಬೇಕೆಂದು ಒತ್ತಾಯಿಸಿದರು. ಸರಕಾರದ ಕಾನೂನು ದಾಸತ್ವವನ್ನು ತೆಗೆದುಹಾಕಿದ್ದು 1874ರಲ್ಲಿ. ಅದಕ್ಕೆ ಮುಂಚೆಯೇ ಸಭೆಯವರಿಂದ ಇದನ್ನು ಕೇಳಲಾಯಿತು. ಕೆಲವರು ಗುಣುಗುಟ್ಟಿದರು, ಹೊಲದ ಕೆಲಸಕ್ಕೆ ಕೈಗಳು ಕಡಿಮೆಯಾದರೆ ಯಾರಿಗಾದರೂ ಕಷ್ಟವೇ. ಆದರೂ ಶಾಲೆಯ ಬೆಂಚಿನ ಮೇಲೆ ದಾಸಿಯ ಮಗುವೂ ಧಣಿಯ ಮಗುವೂ ಕೂತ ಮೇಲೆ ಬೇರೆ ದಾರಿಯಿರಲಿಲ್ಲ.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ನಮ್ಮಲ್ಲಿ ಜರ್ಮನ್ ಮಿಶನರಿಗಳು ಬಂಧಿಸಲ್ಪಟ್ಟು ದೇಶದಿಂದ ಕಳುಹಿಸಲ್ಪಟ್ಟಂತೆಯೇ, ಗೋಲ್ಡ್ ಕೋಸ್ಟಿನಿಂದಲೂ 1917ರ ಕಡೆಯಲ್ಲಿ ಬಾಸೆಲಿನವರು ಹೊರಡಿಸಲ್ಪಟ್ಟರು. ಆಗ ಕೆಲಸದ ಭಾರವು ಅಲ್ಲಿಯ ಪಾಳಕರ ಮತ್ತು ಉಪಾಧ್ಯಾಯರ ಮೇಲೆ ಬಿತ್ತು. ಸ್ಕಾಟ್‌ಲೆಂಡಿನ ಸಭೆಯವರು ಸಹಾಯಕ್ಕೆ ಬಂದಾಗ ಅವರಿಗೆ ಕಾಣಿಸಿದ್ದು ಬರಿದಾದ ಹೊಲವಲ್ಲ, ತಮ್ಮದೇ ಬೋಧಕರುಳ್ಳ ಸಭೆ. 1848ರಲ್ಲಿ ಅಕ್ರೊಪೊಂಗಿನಲ್ಲಿ ಆರಂಭವಾದ ಉಪಾಧ್ಯಾಯರ ವಿದ್ಯಾಶಾಲೆಯು ಈಗಲೂ ನಡೆಯುತ್ತಿದೆ. ಅದು ಘಾನಾ ದೇಶದ ಪ್ರೆಸ್ಬಿಟೇರಿಯನ್ ಸಭೆಯದ್ದು.

ಪಾಠಭಾಗದ ಹದಿಮೂರು, ಹದಿನಾಲ್ಕನೆಯ ವಚನಗಳನ್ನು ಈಗ ಮತ್ತೊಮ್ಮೆ ಓದಿಸಿರಿ. ಒಬ್ಬರಿಗೆ ಸುಖವೂ ಮತ್ತೊಬ್ಬರಿಗೆ ಭಾರವೂ ಆಗಬೇಕೆಂದಲ್ಲ, ಸಮಾನತ್ವವಿರಬೇಕೆಂದು ಪೌಲನು ಅಲ್ಲಿ ಬರೆಯುತ್ತಾನೆ. ಇಂದು ಇವರ ಸಮೃದ್ಧಿಯು ಅವರ ಕೊರತೆಗೆ, ನಾಳೆ ಅವರದು ಇವರಿಗೆ. ನಾವೇ ಬಡವರು, ಆಫ್ರಿಕದ ಮಕ್ಕಳಿಗೆ ನಾವೇನು ಕೊಟ್ಟೇವು ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ಅವರನ್ನು ಗದರಿಸಬೇಡಿರಿ. ಮಕೆದೋನ್ಯದವರ ಕುರಿತಾದ ಎರಡನೆಯ ವಚನವನ್ನು ಅವರಿಂದಲೇ ಓದಿಸಿರಿ.

ಮುಂದಿನ ಪಾಠಕ್ಕೆ ಬರುವ ಮುಂಚೆ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರನ್ನು ಕೇಳಿಕೊಂಡು ಬರಲಿ: ನಮ್ಮ ಊರಿನ ಶಾಲೆಗೆ ನೆಲ ಕೊಟ್ಟವರು ಯಾರು, ಕಲ್ಲು ಹೊತ್ತವರು ಯಾರು, ಮೊದಲನೆಯ ಉಪಾಧ್ಯಾಯರು ಯಾವ ಊರಿಂದ ಬಂದರು? ತಿಳಿದಷ್ಟನ್ನು ಒಂದು ಕಾಗದದ ಮೇಲೆ ಬರೆದು ತನ್ನಿರಿ. ಓದಿಕೊಂಡು ಬರಬೇಕಾದ ಭಾಗ: ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ 4:10–20.