ಎರೆ ಹೊಲದಲ್ಲಿ ಕಂಡ ತೇವದ ಪಾಠ



ಕಳೆದ ವರ್ಷ ನವೆಂಬರಿನಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿ ಹೆಚ್ಚುವ ಮುನ್ನ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ತೋಟದಲ್ಲಿ ಬೆಳೆದವನಿಗೆ ಬಡಾವಣೆಯ ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಅಳಿಯನಿಗೆ ಪರಿಚಯದ ಹಿರಿಯ ರೈತರೊಬ್ಬರ ಎರೆ ಹೊಲಕ್ಕೆ ಬೆಳಗ್ಗೆ ಹೋದವನು ಸಂಜೆಯವರೆಗೂ ಅಲ್ಲೇ ಉಳಿದೆ.

ಆ ಸೀಮೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ.ಗಿಂತ ಕಡಿಮೆ. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯುವುದುಂಟು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೂರಿಗೆಯಿಂದ ಬಿತ್ತಿದ ಹಿಂಗಾರಿ ಬಿಳಿಜೋಳ ಬಹುಪಾಲು ನೆಲದಲ್ಲಿ ಉಳಿದ ತೇವದಿಂದಲೇ ತೆನೆ ಕಟ್ಟಬೇಕು.

ರೈತರು ಸಾಲುಗಳ ನಡುವೆ ಎಡೆಕುಂಟಿ ಹೊಡೆಯುತ್ತಿದ್ದರು. "ಕಳೆಯೇ ಇಲ್ಲವಲ್ಲ, ಯಾಕೆ ಹೊಡೆಯುತ್ತೀರಿ?" ಎಂದು ಕೇಳಿದೆ. ಎತ್ತು ನಿಲ್ಲಿಸಿ, ಕುಂಟಿ ಹಾಯದ ಸಾಲಿನ ಬಿರುಕಿನಲ್ಲಿ ನನ್ನ ಕೈ ಇಡಿಸಿದರು. ಬೆರಳು ಪೂರ್ತಿ ಇಳಿದವು, ಒಳಗೆ ತಂಪು. "ಬಾಯಿ ತೆರದ ಹಗೇವು ಇದ್ದಂಗ್ರಿ ಇದು. ಮುಚ್ಚಲಿಲ್ಲಂದ್ರ ಒಳಗಿಂದು ಉಳಿಯೂದಿಲ್ಲ" ಎಂದರು. ಹಗೇವು ಎಂದರೆ ಕಾಳು ಕೂಡಿಡುವ ನೆಲದೊಳಗಿನ ಕಣಜ.

ಬಿರುಕಿನ ಮೂಲಕ ಆಳದ ತೇವಕ್ಕೆ ಗಾಳಿ ತಗಲುತ್ತದೆ. ಕುಂಟಿ ಎರಡು-ಮೂರು ಅಂಗುಲ ಮಣ್ಣನ್ನು ಪುಡಿಮಾಡಿ ಬಿರುಕು ತುಂಬುತ್ತದೆ. ಆ ಸಡಿಲ ಪದರ ತಾನು ಒಣಗಿ ಕೆಳಗಿನ ತೇವಕ್ಕೆ ಹೊದಿಕೆಯಾಗುತ್ತದೆ. ಇಂಥ ಒಣಬೇಸಾಯದ ಕ್ರಮಗಳ ಅಧ್ಯಯನಕ್ಕೆಂದೇ ವಿಜಾಪುರದಲ್ಲಿ 1930ರ ದಶಕದಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. ಬಾಗಲಕೋಟೆ ಆಗ ಅದೇ ಜಿಲ್ಲೆಯಲ್ಲಿತ್ತು.

ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಆಮೇಲೆ ಅವರು ಏನೂ ಮಾತಾಡದೆ ಒಡ್ಡಿನುದ್ದಕ್ಕೂ ನಡೆದರು. ಹೆಗ್ಗಣ ತೋಡಿದ ಒಂದು ಕಡೆ ಕಲ್ಲು ತುರುಕಿ, ಮಣ್ಣು ಹಾಕಿ ಮೆಟ್ಟಿದರು. ನಾನು ತೋಟ ಸುತ್ತುವಾಗ ಕಣ್ಣು ಫಸಲಿನ ಮೇಲೇ ಇರುತ್ತದೆ; ನೆಲ ನೋಡಿದ್ದು ಕಡಿಮೆ.

ಇದಕ್ಕೆ ದಂಡ ತೆತ್ತದ್ದೂ ಉಂಟು. ಮೂರು ವರ್ಷದ ಹಿಂದೆ ಆಳು ಸಿಗದೆ ತೋಟದ ಅಗೆತವನ್ನು ಜನವರಿಗೆ ತಳ್ಳಿದೆ. ನೆಲ ಗಟ್ಟಿಯಾದ ಮೇಲೆ ಆಳವಾಗಿ ಅಗೆಸಿದ್ದರಿಂದ ಹೆಂಟೆ ಎದ್ದು ಬೇರು ಕಡಿದವು. ಹೂಮಳೆಯೂ ತಡವಾಯಿತು, 40ಕ್ಕೂ ಹೆಚ್ಚು ಎಳೆಯ ಅರೇಬಿಕಾ ಗಿಡ ಒಣಗಿದವು. ಆಗ ಮಳೆಯನ್ನು ಬೈದಿದ್ದೆ.

ಬಾಗಲಕೋಟೆಯಿಂದ ಬಂದ ವಾರವೇ, ಮಣ್ಣು ಇನ್ನೂ ಹದವಾಗಿದ್ದಾಗ, ಅರ್ಧ ಎಕರೆ ಕಾಫಿಯಲ್ಲಿ ತರಗು ಸರಿಸಿ, ಎರಡು ಅಂಗುಲ ಮಾತ್ರ ಕೆದಕಿಸಿ, ತರಗನ್ನು ಮತ್ತೆ ಹರಡಿಸಿದೆ. ಪಕ್ಕದ ಅರ್ಧ ಎಕರೆ ಹಾಗೇ ಬಿಟ್ಟೆ. ಫೆಬ್ರವರಿ ಕೊನೆಗೆ ಎರಡೂ ಕಡೆ ಗೇಣು ಆಳ ತೋಡಿ ಮಣ್ಣು ಹಿಸುಕಿದೆ. ಕೆದಕಿದ ಕಡೆ ಉಂಡೆ ನಿಂತಿತು, ಇನ್ನೊಂದು ಕಡೆ ಪುಡಿಯಾಗಿ ಉದುರಿತು. ಒಂದು ತೋಟದ ಒಂದೇ ವರ್ಷದ ಫಲವಿದು. ಕೆದಕಿದ್ದರಿಂದ ಎಷ್ಟು, ತರಗನ್ನು ಸಮನಾಗಿ ಹರಡಿದ್ದರಿಂದ ಎಷ್ಟು ಎಂದು ಬಿಡಿಸಿ ಹೇಳಲಾರೆ.

ಮಾಡುವವರು ಮಳೆ ನಿಂತು ನೆಲ ಬಿಗಿಯುವ ಮೊದಲೇ ಮಾಡಿರಿ. ಕಾಫಿಯ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಇರುವುದರಿಂದ ಗುದ್ದಲಿ ಆಳಕ್ಕೆ ಇಳಿಯಬಾರದು. ಗುತ್ತಿಗೆಗೆ ಕೊಟ್ಟರೆ ಹತ್ತಿರ ನಿಂತು ನೋಡಬೇಕು. ತೀರ ಇಳಿಜಾರಿನಲ್ಲಿ ಕೆದಕುವುದೇ ಬೇಡ, ಏಪ್ರಿಲ್ ಮಳೆಗೆ ಸಡಿಲ ಮಣ್ಣು ಹಳ್ಳ ಸೇರುತ್ತದೆ. ಅಲ್ಲಿಯೂ, ಅಡಿಕೆಯ ಬುಡದಲ್ಲೂ, ಸೊಪ್ಪು-ತರಗಿನ ಹೊದಿಕೆ ಸಾಕು.