ವಂಕಿ ಮತ್ತು ಯೋನಿಯ ಶುಷ್ಕತೆ: ತೆಗೆಸುವ ಮುನ್ನ ತಿಳಿಯಬೇಕಾದುದು

ಮಕ್ಕಳ ನಡುವೆ ಅಂತರವಿರಲೆಂದು ವಂಕಿಯನ್ನು ಧರಿಸಿದ ತಾಯಂದಿರಲ್ಲಿ ಕೆಲವರಿಗೆ ಕೆಲವು ತಿಂಗಳ ಬಳಿಕ ಒಂದು ತೊಂದರೆ ಕಾಣಿಸಿಕೊಳ್ಳುವುದುಂಟು. ಯೋನಿಯಲ್ಲಿ ತೇವ ಕಡಿಮೆಯಾಗಿ ಉರಿ, ತುರಿಕೆ ಹಾಗೂ ಪತಿಯೊಡನೆ ಕೂಡುವಾಗ ನೋವು ಉಂಟಾಗುತ್ತದೆ. ಇದನ್ನು ಗಂಡನ ಮುಂದೆ ಹೇಳಲು ಸಂಕೋಚ, ಅತ್ತೆಯ ಮುಂದೆ ಹೇಳಲು ಅಂಜಿಕೆ. ಕೊನೆಗೆ "ವಂಕಿಯಿಂದಲೇ ಮೈಗೆ ಉಷ್ಣವಾಯಿತು, ಒಳಗೆಲ್ಲ ಒಣಗಿತು" ಎಂದು ತಾವೇ ನಿರ್ಣಯಿಸಿ ಅದನ್ನು ತೆಗೆಸಿಬಿಡುತ್ತಾರೆ. ಕೂಸು ಇನ್ನೂ ಎದೆಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ನಿಲ್ಲುತ್ತದೆ. ಶುಷ್ಕತೆ ಮಾತ್ರ ಹಾಗೆಯೇ ಉಳಿದಿರುತ್ತದೆ.

ರಜಸ್ಸೂತಕ, ಜನನಸೂತಕಗಳನ್ನು ಒಪ್ಪದ ಶರಣರ ಹಾದಿಯಲ್ಲಿ ನಡೆಯುವ ನಾವು ಸ್ತ್ರೀಯರ ಶರೀರಧರ್ಮವನ್ನು ಕುರಿತು ಮಾತನಾಡಲು ನಾಚಬೇಕಾಗಿಲ್ಲ. ಆದ್ದರಿಂದ ಈ ವಿಷಯವನ್ನು ಇಲ್ಲಿ ನೇರವಾಗಿಯೇ ವಿವೇಚಿಸೋಣ.

ನಮ್ಮ ದೇಶದ ಕುಟುಂಬ ಯೋಜನೆಯಲ್ಲಿ 1965ರಲ್ಲಿ ಲಿಪ್ಪೀಸ್ ಲೂಪ್ ಎಂಬ ಪ್ಲಾಸ್ಟಿಕ್ ವಂಕಿ ಬಳಕೆಗೆ ಬಂದಿತು. ರಕ್ತಸ್ರಾವ, ಹೊಟ್ಟೆನೋವು ಎಂದು ಬಂದ ಹೆಂಗಸರಿಗೆ ಸರಿಯಾದ ಆರೈಕೆಯೂ ಸಮಾಧಾನವೂ ದೊರೆಯಲಿಲ್ಲ. ಇದರಿಂದ ಅಪನಂಬಿಕೆ ಬೆಳೆದು ಊರಿನಿಂದೂರಿಗೆ ವದಂತಿಗಳು ಹಬ್ಬಿದವು. ಹೆಣ್ಣಿನ ದೂರನ್ನು ಅಲಕ್ಷಿಸುವುದು ಎಷ್ಟು ತಪ್ಪೋ, ಪರೀಕ್ಷಿಸದೆ ಎಲ್ಲವನ್ನೂ ವಂಕಿಯ ತಲೆಗೆ ಕಟ್ಟುವುದೂ ಅಷ್ಟೇ ತಪ್ಪು ಎಂಬ ಪಾಠವನ್ನು ನಾವು ಇದರಿಂದ ಕಲಿಯಬೇಕು.

ಇಂದು ಬಳಕೆಯಲ್ಲಿರುವ ವಂಕಿಗಳಲ್ಲಿ ಎರಡು ಬಗೆ. ಮೊದಲನೆಯದು ತಾಮ್ರದ ವಂಕಿ, ಅಂದರೆ ಕಾಪರ್-ಟಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಕುವ ಕಾಪರ್-ಟಿ 380ಎ 10 ವರ್ಷ, ಕಾಪರ್ 375 5 ವರ್ಷ ಕೆಲಸ ಮಾಡುತ್ತವೆ. ತಾಮ್ರದ ಕಣಗಳು ವೀರ್ಯಾಣುಗಳನ್ನು ದುರ್ಬಲಗೊಳಿಸಿ ಗರ್ಭಧಾರಣೆಯನ್ನು ತಡೆಯುತ್ತವೆ. ಇದರಲ್ಲಿ ಯಾವ ಹಾರ್ಮೋನೂ ಇಲ್ಲ. ಎರಡನೆಯದು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ಗರ್ಭಕೋಶದೊಳಗೆ ಸ್ವಲ್ಪಸ್ವಲ್ಪವಾಗಿ ಬಿಡುವ ವಂಕಿ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವವರಿಗೂ ವೈದ್ಯರು ಇದನ್ನು ಸೂಚಿಸುತ್ತಾರೆ.

ಇನ್ನು ಯೋನಿಯ ತೇವ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಗರ್ಭಕೋಶದ ಕೊರಳಿನ ಲೋಳೆ ಹಾಗೂ ಯೋನಿಯ ಗೋಡೆಯ ಮೂಲಕ ಜಿನುಗುವ ದ್ರವ ಇವೇ ಅದರ ಮೂಲ. ಗೋಡೆಯನ್ನು ದಪ್ಪವಾಗಿಯೂ ಮೃದುವಾಗಿಯೂ ಇಡುವುದು ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು. ಅದು ತಗ್ಗಿದರೆ ಗೋಡೆ ತೆಳುವಾಗಿ ತೇವ ಆರುತ್ತದೆ. ಕಾಪರ್-ಟಿ ಇರುವುದು ಗರ್ಭಕೋಶದಲ್ಲಿ. ಅಂಡಾಶಯದ ಕೆಲಸಕ್ಕೆ ಅದು ಅಡ್ಡಬರುವುದಿಲ್ಲ. ಮುಟ್ಟಿನ ಸ್ರಾವವನ್ನೂ ನೋವನ್ನೂ ಅದು ಹೆಚ್ಚಿಸಬಹುದು. ಆದರೆ ಈಸ್ಟ್ರೋಜನ್ನನ್ನು ತಗ್ಗಿಸಿ ಶುಷ್ಕತೆಯನ್ನು ತರಲಾರದು. ಹಾರ್ಮೋನಿನ ವಂಕಿಯಿಂದಲೂ ಅತ್ಯಲ್ಪ ಪ್ರಮಾಣವಷ್ಟೇ ರಕ್ತಕ್ಕೆ ಸೇರುತ್ತದೆ. ಬಹುಪಾಲು ಸ್ತ್ರೀಯರಲ್ಲಿ ಅಂಡಾಶಯ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ಆದರೂ ಇದನ್ನು ಧರಿಸಿದ ಮೇಲೆ ತೇವ ಕಡಿಮೆಯಾಯಿತೆಂದು ಹೇಳುವ ಕೆಲವರಿದ್ದಾರೆ. ಅವರ ಮಾತನ್ನು ತಳ್ಳಿಹಾಕದೆ ವೈದ್ಯರು ಪರೀಕ್ಷಿಸಬೇಕು.

ಹಾಗಾದರೆ ಶುಷ್ಕತೆಗೆ ನಿಜವಾದ ಕಾರಣವೇನು? ಎಳೆಯ ತಾಯಂದಿರಲ್ಲಿ ಮುಖ್ಯವಾದುದು ಎದೆಹಾಲೂಡಿಸುವಿಕೆ. ಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಅಂಡಾಶಯವನ್ನು ಕೆಲಕಾಲ ವಿಶ್ರಾಂತಿಯಲ್ಲಿಡುತ್ತದೆ. ಆಗ ಈಸ್ಟ್ರೋಜನ್ ತಗ್ಗುತ್ತದೆ. ಇಂದು ಅನೇಕರಿಗೆ ಹೆರಿಗೆಯಾದ 48 ಗಂಟೆಗಳೊಳಗೇ ವಂಕಿಯನ್ನು ಹಾಕುವುದರಿಂದ ವಂಕಿಯೂ ಹಾಲೂಡಿಸುವಿಕೆಯೂ ಒಂದೇ ಕಾಲಕ್ಕೆ ಆರಂಭವಾಗುತ್ತವೆ. ಜೊತೆಗೆ ಬಂದುದನ್ನೇ ಕಾರಣವೆಂದು ಮನಸ್ಸು ಭಾವಿಸುತ್ತದೆ. ಕೂಸು ಹಾಲು ಕಡಿಮೆ ಮಾಡಿ ಮುಟ್ಟು ಮರಳಿದಾಗ ತೇವವೂ ತಾನಾಗಿ ಮರಳುತ್ತದೆ. ಆದರೆ ಮೊದಲ ಮುಟ್ಟು ಕಾಣುವ ಮುಂಚೆಯೇ ಗರ್ಭ ನಿಲ್ಲುವ ಸಾಧ್ಯತೆಯುಂಟು. ಹೆರಿಗೆಯಾದ ಮೇಲೆ ಕನಿಷ್ಠ 24 ತಿಂಗಳು ಕಳೆಯುವವರೆಗೆ ಮತ್ತೆ ಗರ್ಭ ಧರಿಸದಿರುವುದು ತಾಯಿಗೂ ಕೂಸಿಗೂ ಕ್ಷೇಮವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನಲವತ್ತು ದಾಟಿದವರಲ್ಲಿ ಕಾರಣ ಬೇರೆ. ಮೂವತ್ತೆಂಟರಲ್ಲಿ ಹಾಕಿಸಿದ ಕಾಪರ್-ಟಿ ನಲವತ್ತಾರರಲ್ಲಿಯೂ ಇರಬಹುದು. ಆ ವೇಳೆಗೆ ಮುಟ್ಟು ನಿಲ್ಲುವ ಕಾಲ ಸಮೀಪಿಸಿ ಅಂಡಾಶಯವೇ ತಣ್ಣಗಾಗುತ್ತಿರುತ್ತದೆ. ಇವಲ್ಲದೆ ನೆಗಡಿ, ಅಲರ್ಜಿಯ ಮಾತ್ರೆಗಳು, ಖಿನ್ನತೆಯ ಕೆಲವು ಔಷಧಗಳು, ಸ್ತನ ಕ್ಯಾನ್ಸರಿನ ಚಿಕಿತ್ಸೆ, ಅಂಡಾಶಯವನ್ನು ತೆಗೆದ ಶಸ್ತ್ರಕ್ರಿಯೆ, ಮಧುಮೇಹ ಇವೂ ಶುಷ್ಕತೆಯನ್ನು ತರಬಲ್ಲವು. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು ಅಂಡಾಶಯವನ್ನು ತಡೆಯುವುದರಿಂದ ಅದನ್ನು ಪಡೆಯುವ ಕೆಲವರಲ್ಲಿಯೂ ಇದು ಕಾಣಬಹುದು. ಸಾಬೂನು, ಸುಗಂಧದ್ರವ್ಯ, ಕ್ರಿಮಿನಾಶಕ ದ್ರವಗಳಿಂದ ಒಳಗೆ ತೊಳೆಯುವ ಅಭ್ಯಾಸವಂತೂ ಕೈಯಾರೆ ತಂದುಕೊಳ್ಳುವ ತೊಂದರೆ. ಆಯಾಸ, ಚಿಂತೆ, ಪತಿಯ ಅವಸರ ಇವುಗಳಿಂದಲೂ ಕೂಟದ ವೇಳೆ ತೇವ ಒಸರದೆ ಹೋಗುತ್ತದೆ.

ಪರಿಹಾರಗಳು ಸರಳವಾಗಿವೆ. ಹೊರಭಾಗವನ್ನು ಬರಿಯ ನೀರಿನಿಂದ ತೊಳೆದರೆ ಸಾಕು, ಒಳಭಾಗವನ್ನು ತೊಳೆಯಲೇಬಾರದು. ಔಷಧದ ಅಂಗಡಿಯಲ್ಲಿ ದೊರೆಯುವ, ನೀರನ್ನೇ ಆಧಾರವಾಗಿ ಉಳ್ಳ ಜಾರುಜೆಲ್ ಕೂಟದ ನೋವನ್ನು ಕಡಿಮೆ ಮಾಡುತ್ತದೆ. ಕೊಬ್ಬರಿ ಎಣ್ಣೆ ರಬ್ಬರಿನ ನಿರೋಧನ್ನು ಹಾಳುಮಾಡುವುದರಿಂದ ಎರಡನ್ನೂ ಒಟ್ಟಿಗೆ ಬಳಸಬಾರದು. ಮುಟ್ಟು ನಿಂತವರಿಗೆ ವೈದ್ಯರು ಈಸ್ಟ್ರೋಜನ್ ಮುಲಾಮನ್ನು ಬರೆದುಕೊಡಬಹುದು. ಹಾಲೂಡಿಸುವವರು, ಸ್ತನ ಕ್ಯಾನ್ಸರಿಗೆ ಒಳಗಾದವರು ಆ ವಿಷಯವನ್ನು ಮೊದಲೇ ತಿಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಪತಿಯಾದವನಿಗೆ ತಾಳ್ಮೆ ಬೇಕು. ನೋವನ್ನು ನುಂಗಿಕೊಂಡು ಸಹಕರಿಸೆಂದು ಹೆಂಡತಿಯನ್ನು ಒತ್ತಾಯಿಸುವುದು ಧರ್ಮವಲ್ಲ.

ಕೆಲವು ಲಕ್ಷಣಗಳನ್ನು ಶುಷ್ಕತೆಯೆಂದು ಬಗೆದು ಸುಮ್ಮನಿರಬಾರದು. ದುರ್ವಾಸನೆಯ ಬಿಳಿಸೆರಗು, ಜ್ವರ, ಕಿಬ್ಬೊಟ್ಟೆಯ ತೀವ್ರ ನೋವು, ಮುಟ್ಟು ತಪ್ಪುವುದು, ವಂಕಿಯ ದಾರ ಕೈಗೆ ಸಿಗದಿರುವುದು ಅಥವಾ ಚುಚ್ಚುವುದು, ಕೂಟದ ಬಳಿಕ ಇಲ್ಲವೆ ಮುಟ್ಟು ನಿಂತ ಮೇಲೆ ರಕ್ತ ಕಾಣುವುದು: ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ವೈದ್ಯರನ್ನು ಕಾಣುವಾಗ ನಾಲ್ಕು ಸಂಗತಿಗಳನ್ನು ನೆನಪಿಟ್ಟು ಹೇಳಿರಿ: ವಂಕಿ ಯಾವ ಬಗೆಯದು, ಅದನ್ನು ಎಂದು ಹಾಕಿಸಿದ್ದು, ತೊಂದರೆ ಎಂದು ಆರಂಭವಾಯಿತು, ಈಗ ಹಾಲೂಡಿಸುತ್ತಿದ್ದೀರಾ ಅಥವಾ ಬೇರೆ ಔಷಧ ಸೇವಿಸುತ್ತಿದ್ದೀರಾ. ಎಲ್ಲವನ್ನೂ ತಿಳಿದ ಮೇಲೆಯೂ ವಂಕಿ ಬೇಡವೆನಿಸಿದರೆ ತೆಗೆಸಿಕೊಳ್ಳುವ ಅಧಿಕಾರ ಆ ತಾಯಿಯದೇ. ಅದನ್ನು ಯಾರೂ ನಿರಾಕರಿಸಬಾರದು. ಆದರೆ ಬೇರೆ ಯಾವ ವಿಧಾನವನ್ನು ಅನುಸರಿಸುವುದೆಂದು ತೆಗೆಸುವ ಮುನ್ನವೇ ನಿಶ್ಚಯಿಸಿರಬೇಕು, ಏಕೆಂದರೆ ವಂಕಿ ಹೊರಬಂದೊಡನೆ ಗರ್ಭ ಧರಿಸುವ ಶಕ್ತಿ ಮರಳುತ್ತದೆ.

ಮನೆಯ ಹಿರಿಯ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಸೊಸೆಯೋ ಮಗಳೋ ಇಂಥ ನೋವನ್ನು ಹೇಳಿಕೊಂಡಾಗ ಗದರಬೇಡಿರಿ, "ನಾವೆಲ್ಲ ಸಹಿಸಲಿಲ್ಲವೆ" ಎನ್ನಬೇಡಿರಿ. ಅವಳ ಜೊತೆಗೆ ಆಸ್ಪತ್ರೆಗೆ ಹೋಗಿ ಬನ್ನಿರಿ.